ಕರಿ ಫೋನು, ನೀಲಿ ಫೋನು

ಶಹಾಬಾದಿನಲ್ಲಿ ಮನೆಗಳು ಎರಡು ಬಗೆಯವು. ಪರ್ಸಿ ಕಾಕಾ ಆರಿಸಿಕೊಟ್ಟ ಕಲ್ಲಿನ ನೆಲದವು ಒಂದು ಬಗೆ. ಮೂರನೆಯ ಬೇಸಿಗೆಗೆ ನೆಲ ಬಿರಿದು, ಅದರ ಮೇಲೆ ಚಾಪೆ ಹಾಸಿ, ನೆಂಟರ ಕಣ್ಣಿನಿಂದ ಮುಚ್ಚಿಟ್ಟವು ಇನ್ನೊಂದು ಬಗೆ. ನಮ್ಮದು ಮೊದಲನೆಯದು. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅವರು ನಮ್ಮ ಪಕ್ಕದ ಮನೆಯಲ್ಲಿದ್ದರು, ಅಷ್ಟೇ.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನನಗಿಂತ ನಾಲ್ಕೇ ವರ್ಷ ದೊಡ್ಡವರಾದರೂ ನಾನೂ ಹಾಗೇ ಅನ್ನುತ್ತಿದ್ದೆ. ಅವರು ನನ್ನನ್ನು ‘ಸರ್’ ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತನಾದವನು. ನಿವೃತ್ತ ಮಾಸ್ತರನಿಗೆ ತಿಳಿಯದ ವಿಷಯ ಭೂಮಂಡಲದಲ್ಲಿ ಇರಲಾರದು ಎಂಬ ನಂಬಿಕೆ ಅವರಿಗಿತ್ತು. ನನಗೂ ಇತ್ತು. ಹೇಳಲಿರುವ ಅನಾಹುತಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಾಕಾ ಚಿಕ್ಕಂದಿನಿಂದ ಪರ್ಸಿ ಕಲ್ಲಿನ, ಎಂದರೆ ನೆಲಕ್ಕೆ ಹಾಸುವ ನಮ್ಮೂರ ಕಲ್ಲಿನ, ಖಣಿಯಲ್ಲಿ, ಆಮೇಲೆ ಪಾಲಿಶ್ ಮಶೀನಿನ ಮೇಲೆ ಕೆಲಸ ಮಾಡಿ, ಕಡೆಗೆ ಕಲ್ಲು ಆರಿಸುವುದೊಂದನ್ನೇ ಉಳಿಸಿಕೊಂಡಿದ್ದರು. ಮನೆ ಕಟ್ಟಿಸುವವರು ಅವರನ್ನು ಕರೆದುಕೊಂಡು ಕಲ್ಲಿನ ಅಂಗಳಕ್ಕೆ ಹೋಗುತ್ತಿದ್ದರು. ಅವರ ಸಲಕರಣೆ ಒಂದು ತಂಬಿಗೆ ನೀರು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಅದು ಆರುವುದನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಒಳಗೆ ಕೂದಲಿನಷ್ಟು ಬಿರುಕಿದ್ದರೂ ಉಳಿದ ನೀರು ಆರಿದ ಮೇಲೆ ಆ ಜಾಗ ಮಾತ್ರ ಗೆರೆ ಎಳೆದಂತೆ ಹಸಿಯಾಗಿ ಉಳಿಯುತ್ತದೆ. ‘ಎಳಿ ಅದ’ ಎಂದು ಎದ್ದರೆ ಮುಗಿಯಿತು. ಆ ಕಲ್ಲಿನ ಪರವಾಗಿ ಮೇಲ್ಮನವಿ ಇರಲಿಲ್ಲ.

ನಮ್ಮ ಮನೆಯ ನೆಲಕ್ಕೆ ಹೀಗೆ ಬೆಳಿಗ್ಗೆ ಕೂತವರು ಮಧ್ಯಾಹ್ನ ಕಳೆದರೂ ಏಳಲಿಲ್ಲ. ಅಂಗಳದ ಮಾಲೀಕನ ಸಹನೆ ಹರಿಯಿತು.

“ಏ ಕಾಕಾ, ಕಲ್ಲು ನೋಡ್ಲಿಕತ್ತೀರೋ, ಸೊಸಿ ನೋಡ್ಲಿಕತ್ತೀರೋ?”

“ಸೊಸಿ ಆದ್ರ ಇಷ್ಟೊತ್ತು ನೋಡ್ತಿದ್ದಿಲ್ಲ ತಮ್ಮಾ. ಬ್ಯಾಸರಾದ್ರ ಆಕಿ ತವರಿಗಿ ಹೋಗ್ತಾಳ. ಕಲ್ಲು ಎಲ್ಲಿಗಿ ಹೋಗ್ತದ?”

ಈ ವಿಷಯದಲ್ಲಿ ಅವರದೊಂದು ಕಟ್ಟಾ ನಿಯಮವಿತ್ತು. ಆರಿಸಲು ಒಬ್ಬನನ್ನು ಕರೆದುಕೊಂಡು ಹೋದ ಮೇಲೆ ಅವನು ಬೆರಳು ತೋರಿಸಿದ್ದನ್ನೇ ಒಯ್ಯಬೇಕು. ಚಿತ್ತಾಪುರದ ಗುತ್ತಿಗೆದಾರನೊಬ್ಬ ಅವರನ್ನು ಕರೆದೊಯ್ದು, ಅವರು ಆರಿಸಿದ್ದನ್ನು ಬಿಟ್ಟು ಹೊಳಪು ಜಾಸ್ತಿಯಿದ್ದ ಬೇರೆ ಕಲ್ಲನ್ನು ಗಾಡಿಗೆ ಹೇರಿಸಿದ. ಅಂದಿನಿಂದ ಕಾಕಾ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅವನ ನೆಲ ಬಿರಿಯಿತೆಂಬ ಸುದ್ದಿ ಬಂದಾಗ ನಾನು ಸಂತೋಷಪಟ್ಟೆ, ಅವರು ಪಡಲಿಲ್ಲ.

“ನೆಲ ಬಿರೀತು, ಅದು ಬಿಡ್ರಿ ಸರ್. ಕಲ್ಲಿಗಿ ಯಾರ ಮ್ಯಾಲ ಸಿಟ್ಟದ? ಕರ್ಕೊಂಡು ಹೋದ ಮ್ಯಾಲ ಅವನ ಮಾತು ಕೇಳಬೇಕು. ಕೇಳದಿದ್ರ ಕರ್ಕೊಂಡು ಯಾಕ ಹೋಗಬೇಕು? ನಾಲ್ಕು ಮಂದಿ ಮುಂದ ಅವನ ಮರ್ಯಾದಿ ತಗದಂಗ ಆಗಲಿಲ್ಲೇನ್ರಿ?”

ಅವರ ಮಾತು ಕಮ್ಮಿ, ಕೈಸನ್ನೆ ಜಾಸ್ತಿ. ‘ಚಹಾ ಕುಡಿತೀರೇನು’ ಎಂದು ಕೇಳಬೇಕಾದರೆ ತುಟಿ ತೆರೆಯುವ ಮೊದಲೇ ಬೆರಳುಗಳು ಬಸಿ ಹಿಡಿದಿರುತ್ತಿದ್ದವು. ಮಳೆ ಬಂತು ಎನ್ನುವಾಗ ಹತ್ತೂ ಬೆರಳು ಗಾಳಿಯಲ್ಲಿ ಇಳಿಯುತ್ತಿದ್ದವು. ನಾನು ಇದನ್ನು ಗಮನಿಸಿ, ಶಾಸ್ತ್ರೋಕ್ತವಾಗಿ ವಿಚಾರಿಸಿ, ತೀರ್ಮಾನಕ್ಕೆ ಬಂದಿದ್ದೆ: ಪಾಲಿಶ್ ಮಶೀನಿನ ಗದ್ದಲದಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ, ಅದಕ್ಕೇ ಈ ಅಭ್ಯಾಸ. ಹತ್ತನೆಯ ತರಗತಿಗೆ ಶಬ್ದದ ಪಾಠ ಮಾಡುವಾಗ ಹೆಸರು ಹೇಳದೆ ಅವರ ಉದಾಹರಣೆಯನ್ನೂ ಕೊಡುತ್ತಿದ್ದೆ. ಅದೇ ಮಶೀನಿನಲ್ಲಿ ದುಡಿದ ಉಳಿದವರು ಯಾಕೆ ಹೀಗೆ ಕೈ ಆಡಿಸುವುದಿಲ್ಲ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಅವರಿಗೆ ಒಬ್ಬಳೇ ಮಗಳು. ಹೆಂಡತಿ ಬೇಗ ತೀರಿಕೊಂಡಿದ್ದರಿಂದ ಹುಡುಗಿ ಚಿಂಚೋಳಿಯಲ್ಲಿ ಅಜ್ಜಿಯ ಹತ್ತಿರ ಬೆಳೆದು, ಅದಕ್ಕೆ ಅಂಟಿಕೊಂಡೇ ಇರುವ ಚಂದಾಪುರಕ್ಕೆ ಮದುವೆಯಾಗಿ ಹೋಗಿದ್ದಳು. ಮದುವೆಗೆ ನನ್ನನ್ನು ಕರೆದಿದ್ದರು. ಉತ್ತರಪತ್ರಿಕೆ ತಿದ್ದುವ ರಾಷ್ಟ್ರಕಾರ್ಯದಲ್ಲಿದ್ದೆ, ಹೋಗಲಾಗಲಿಲ್ಲ. ಎರಡು ಮೂರು ಸಲ ಅವಳು ತಂದೆಯ ಮನೆಗೆ ಬಂದಾಗ ಕಾಂಪೌಂಡಿನ ಈಚೆಯಿಂದ ಮಾತಾಡಿಸಿದ್ದೆ. ನಕ್ಕು, ಕೈ ಮುಗಿದು, ಒಳಗೆ ಹೋಗಿದ್ದಳು. ‘ಭಾಳ ಸಂಕೋಚದ ಹುಡುಗಿ’ ಎಂದು ಮನಸ್ಸಿನಲ್ಲೇ ಪ್ರಮಾಣಪತ್ರ ಬರೆದುಕೊಟ್ಟಿದ್ದೆ.

ಪ್ರತಿ ರವಿವಾರ ಕಾಕಾ ಚಂದಾಪುರಕ್ಕೆ ಹೋಗುತ್ತಿದ್ದರು. ಮೊದಲ ಬಸ್ಸಿಗೆ ಹೊರಟು ಕಡೆಯ ಬಸ್ಸಿಗೆ ಬರುತ್ತಿದ್ದರು. ಚಿತ್ತಾಪುರ, ಸೇಡಂ ದಾಟಿ ಅಷ್ಟು ದೂರ ಹೋಗಿ ಬರುವ ಗರಜು ಏನು, ಒಂದು ಫೋನು ಮಾಡಿದರೆ ಆಗುವುದಿಲ್ಲವೇ ಎಂದು ನಾನು ಹೇಳಿದ್ದುಂಟು. ಅವರು ನಗುತ್ತಿದ್ದರು. ಆಗ ಅವರ ಹತ್ತಿರ ಗುಂಡಿ ಒತ್ತುವ ಸಣ್ಣ ಫೋನಿತ್ತು. ಅದರಲ್ಲಿ ಅಳಿಯನ ಜೊತೆ ಮಾತ್ರ ಎರಡು ಮಾತಾಡುತ್ತಿದ್ದರು. ಬದುಕೆಲ್ಲ ಕುಕ್ಕರಗಾಲಲ್ಲಿ ಕೂತ ಮೊಣಕಾಲುಗಳು ಒಂದು ದಿನ ಬಸ್ಸಿನ ಮೆಟ್ಟಿಲು ಹತ್ತುವುದಿಲ್ಲ ಎಂದವು. ಒಂದು ರವಿವಾರ ತಪ್ಪಿತು, ಎರಡು ತಪ್ಪಿದವು. ಮಗಳಿಗೆ ಆಗ ತಿಂಗಳು ತುಂಬುತ್ತಿದ್ದವು, ಅವಳೂ ಬರುವಂತಿರಲಿಲ್ಲ. ಮೂರನೆಯ ರವಿವಾರ ಅವರು ನಮ್ಮ ಕಟ್ಟೆಗೆ ಬಂದು ಕೂತರು.

“ಸರ್, ನನಗ ಒಂದು ದೊಡ್ಡ ಫೋನ್ ಬೇಕ್ರಿ. ಮಗಳ ಸಲುವಾಗಿ. ಹಳೇದಾದ್ರೂ ನಡೀತದ. ನನಗ ತಿಳಿಯಂಗಿಲ್ಲ, ನೀವು ಬಂದು ಆರಿಸಿ ಕೊಡ್ರಿ.”

ಜಗತ್ತಿನ ನೆಲವನ್ನೆಲ್ಲ ಆರಿಸಿದ ಮನುಷ್ಯ ನನ್ನನ್ನು ಆರಿಸಲು ಕರೆಯುತ್ತಿದ್ದಾರೆ! ಆ ಗೌರವದ ಭಾರಕ್ಕೆ ನಾನು, ಯಾಕೆ, ಏನು ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಅಂಗಿ ತೊಟ್ಟುಕೊಂಡೆ.

ಸೇಡಂನಲ್ಲಿ ನನ್ನ ಹಳೆಯ ವಿದ್ಯಾರ್ಥಿಯದೊಂದು ಅಂಗಡಿಯಿದೆ. ಬಳಸಿದ ಫೋನುಗಳನ್ನು ರಿಪೇರಿ ಮಾಡಿ ಮಾರುತ್ತಾನೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಬಸ್ಸಿನ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿ, ಕಾಕಾ ನನ್ನ ಜೊತೆ ಬಂದರು. ವಾಡಿ, ಚಿತ್ತಾಪುರ ದಾಟಿ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಪಕ್ಕದಲ್ಲೇ ಚಿಂಚೋಳಿಗೆ ಹೋಗುವ ಬಸ್ಸು ನಿಂತಿತ್ತು. ಅವರು ಅದರ ಬೋರ್ಡನ್ನು ನೋಡುತ್ತ ನಿಂತರು.

“ಬರ್ರಿ ಕಾಕಾ,” ಎಂದೆ ನಾನು. “ಫೋನ್ ಬಂದ ಮ್ಯಾಲ ಬಸ್ ಯಾಕ ಬೇಕು?”

ಶಿಷ್ಯ ನಮ್ಮನ್ನು ಕೂರಿಸಿ, ಚಹಾ ತರಿಸಿ, ಗಾಜಿನ ಮೇಜಿನ ಮೇಲೆ ಎರಡು ಫೋನು ಇಟ್ಟ. ಒಂದು ಕರಿಯದು, ಒಂದು ನೀಲಿ. ಬೆಲೆ ಎರಡಕ್ಕೂ ಒಂದೇ, ವಯಸ್ಸೂ ಹೆಚ್ಚುಕಡಿಮೆ ಒಂದೇ.

“ಕರೀದು ಬ್ಯಾಟರಿ ಭಾಳ ಬರ್ತದ್ರಿ ಸರ್. ಆವಾಜ್ ಅಂತೂ ಓಣಿಗೆಲ್ಲಾ ಕೇಳ್ತದ. ಆದ್ರ ಕ್ಯಾಮೆರಾ ಅಷ್ಟಕ್ಕಷ್ಟೇ, ಜರಾ ನಿಧಾನನೂ ಅದ. ನೀಲಿದು ಕ್ಯಾಮೆರಾ ನಂಬರ್ ಒನ್. ಬ್ಯಾಟರಿ ಸಂಜೀತನಕ ಬಂದ್ರ ಪುಣ್ಯ, ಆವಾಜೂ ಸಣ್ಣದು.”

ನಾನು ಜೇಬಿನಿಂದ ಕಾಗದ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಕರಿ, ಬಲಕ್ಕೆ ನೀಲಿ. ಧ್ವನಿಗೆ ಇಪ್ಪತ್ತೈದು ಅಂಕ, ಬ್ಯಾಟರಿಗೆ ಇಪ್ಪತ್ತೈದು, ಗಟ್ಟಿತನಕ್ಕೆ ಇಪ್ಪತ್ತೈದು, ಹಿಡಿಯಲು ಅನುಕೂಲಕ್ಕೆ ಇಪ್ಪತ್ತು. ಉಳಿದ ಐದು ಅಂಕವನ್ನು ಕ್ಯಾಮೆರಾಕ್ಕೆ ದಯಪಾಲಿಸಿದೆ. ಅರವತ್ತು ದಾಟಿದವರು ತಮ್ಮ ಮುಖ ತಾವು ನೋಡಿಕೊಳ್ಳುವುದನ್ನು ಉತ್ತೇಜಿಸಬಾರದು ಎಂಬುದು ನನ್ನ ಶೈಕ್ಷಣಿಕ ನಿಲುವಾಗಿತ್ತು.

ನಾನು ಅಂಕ ಹಾಕುತ್ತಿರುವಾಗ ಕಾಕಾ ತಮ್ಮದೇ ಪರೀಕ್ಷೆ ನಡೆಸಿದರು. ಎರಡೂ ಫೋನಿನ ಗಾಜಿನ ಮೇಲೆ ಒದ್ದೆ ಬೆರಳು ಆಡಿಸಿ, ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಆರುವುದನ್ನು ಕಾದರು. ಶಿಷ್ಯ ಗಾಬರಿಯಿಂದ ನನ್ನನ್ನು ನೋಡಿದ. ನೀಲಿ ಫೋನಿನ ಮೂಲೆಯಲ್ಲಿ ಕೂದಲಿನಷ್ಟು ತೆಳುವಾದ ಗೆರೆಯೊಂದು ಹಸಿಯಾಗಿ ಉಳಿಯಿತು. ಮಾರುವವನಿಗೇ ಗೊತ್ತಿರದ ಬಿರುಕು.

“ಇದರಾಗ ಎಳಿ ಅದ ನೋಡು ತಮ್ಮಾ,” ಎಂದರು ಕಾಕಾ, ಬೈಯುವ ಧ್ವನಿಯಲ್ಲಲ್ಲ. ಆಮೇಲೆ ಅದೇ ಫೋನನ್ನು ಶಿಷ್ಯನ ಕೈಗೆ ಕೊಟ್ಟು, “ಇದರಾಗ ನನ್ನ ಕೈ ಹೆಂಗ ಕಾಣ್ತದ, ಜರಾ ತೋರ್ಸು” ಎಂದರು. ಅವನು ಕ್ಯಾಮೆರಾ ತೆರೆದು ಹಿಡಿದ. ಕಾಕಾ ಅದರ ಮುಂದೆ ಬೆರಳುಗಳನ್ನು ಬೇಗಬೇಗ ಮಡಚಿ ಬಿಚ್ಚಿದರು. ಮುಖ ಅರಳಿತು. ಕರಿಯದರ ಮುಂದೆಯೂ ಹಾಗೇ ಮಾಡಿದರು. ಕೈ ಇಳಿಸಿ ಮತ್ತೆ ನೀಲಿಯತ್ತ ತಿರುಗಿದರು.

“ಸರ್, ಈ ನೀಲಿದು ಛಲೋ ಕಾಣ್ತದೇನ್ರಿ?”

ನಾನು ಕಾಗದದಿಂದ ತಲೆ ಎತ್ತಿದೆ. “ಏನು ಕಾಕಾ, ಈ ವಯಸ್ಸಿನಾಗ ಕೈಕಾಲಿನ ಫೋಟೋ ತೆಗಿಸ್ಕೊಂಡು ಯಾವ ಸಿನಿಮಾಕ್ಕ ಹೋಗ್ತೀರಿ?” ಎಂದೆ. ಶಿಷ್ಯ ನಕ್ಕ. ಅಂಗಡಿಯಲ್ಲಿದ್ದ ಇನ್ನಿಬ್ಬರೂ ನಕ್ಕರು. ಕಾಕಾ ತಾವೂ ನಕ್ಕರು.

“ಅಲ್ದೇ, ಎಳಿ ಇದ್ದ ಕಲ್ಲು ಮನಿಗಿ ಒಯ್ಯಬಾರ್ದು ಅಂತ ಜಗತ್ತಿಗೆಲ್ಲಾ ಹೇಳೋರು ನೀವು. ಎಳಿ ಇದ್ದ ಫೋನ್ ಒಯ್ತೀರಾ?”

“ಕಲ್ಲಿನ ಎಳಿ ಬ್ಯಾರೆ ರೀ ಸರ್. ಅದು ಒಳಗಿಂದು. ಇದು ಮ್ಯಾಲಿಂದು.”

“ಎಳಿ ಅಂದ್ರ ಎಳಿ,” ಎಂದು ನಾನು ತೀರ್ಪು ಕೊಟ್ಟು, ಕಾಗದ ಅವರ ಮುಂದೆ ಇಟ್ಟೆ. ಕರಿ ಎಂಬತ್ತೊಂದು, ನೀಲಿ ಐವತ್ತೆರಡು. ಕೆಳಗೆ ಸಹಿ ಹಾಕುವುದೊಂದು ಉಳಿದಿತ್ತು.

ಅವರು ನೀಲಿ ಫೋನನ್ನು ಇನ್ನೊಮ್ಮೆ ನೋಡಿದರು. ಅಂಗಡಿಯಲ್ಲಿದ್ದ ನಾಲ್ಕು ಮಂದಿಯನ್ನೂ ನೋಡಿದರು. “ನೀವು ಹೇಳಿದ್ರ ಮುಗೀತ್ರಿ ಸರ್,” ಎಂದು ಕರಿ ಫೋನನ್ನು ಎತ್ತಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು.

ಅವರ ನಿಯಮ ಅವರಿಗೇ ಕುತ್ತಾಗಿತ್ತು ಎಂದು ಆಗ ನನಗೆ ತಿಳಿಯಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಬ್ಯಾಟರಿಯ ಆಯುಷ್ಯ ಹೆಚ್ಚಿಸುವ ಬಗ್ಗೆ ನಾನು ಚಿತ್ತಾಪುರದ ತನಕ ಉಪನ್ಯಾಸ ಮಾಡಿದೆ. ಅವರು ಕೇಳುತ್ತಲೇ ಬಂದರು.

ಆಮೇಲೆ ಎಂಟು ತಿಂಗಳು ಅವರು ಆ ಫೋನು ಬಳಸಿದರು. ಕೇಳಿದಾಗಲೆಲ್ಲ, “ಭಾಳ ಗಟ್ಟಿ ಅದ್ರಿ. ಒಮ್ಮಿ ಚಾರ್ಜಿಗಿ ಹಾಕಿದ್ರ ಎರಡು ದಿನ ನೋಡಂಗಿಲ್ಲ” ಎನ್ನುತ್ತಿದ್ದರು. ನಾನು ಆ ಹೊಗಳಿಕೆಯನ್ನು ನನಗೇ ಜಮಾ ಮಾಡಿಕೊಳ್ಳುತ್ತಿದ್ದೆ. ಸಂಜೆ ಹೊತ್ತು ಅವರು ಪಡಸಾಲೆಯಲ್ಲಿ ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಅದರ ಮುಂದೆ ಕೂತು ಕೈಗಳನ್ನು ಬಹಳ ನಿಧಾನವಾಗಿ ಎತ್ತಿ, ಗಾಳಿಯಲ್ಲಿ ಹಾಗೇ ಹಿಡಿದು, ಇಳಿಸುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಒಂದೊಂದು ಬೆರಳನ್ನೂ ತೂಗಿ ಇಡುವಂತೆ. ಫೋನು ನೋಡಿ ಯೋಗ ಕಲಿಯುತ್ತಿದ್ದಾರೆ ಎಂದು ತಿಳಿದೆ.

“ಏನು ಕಾಕಾ, ಯೋಗ ಜೋರದ?”

“ಹಂಗೇ ಅನ್ರಿ ಸರ್,” ಎಂದರು.

ಕಳೆದ ಮಳೆಗಾಲದಲ್ಲಿ ನಾನು ಕಣ್ಣಿನ ಪೊರೆ ತೆಗೆಸಲು ಕಲಬುರಗಿಗೆ ಹೋಗಿದ್ದಾಗ ಅವರು ತೀರಿಕೊಂಡರು. ಎದೆ ಹಿಡಿದಂಗಾಗ್ತದ ಎಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲವಂತೆ. ನಾನು ಊರಿಗೆ ಮರಳುವ ಹೊತ್ತಿಗೆ ಎಲ್ಲ ಮುಗಿದು, ಮಗಳು ಅಳಿಯ ಮನೆಗೆ ಕೀಲಿ ಹಾಕಿಕೊಂಡು ಹೋಗಿದ್ದರು. ಮಣ್ಣಿಗೆ ಹೋಗಲಾಗದವನು ಮಾತಾಡಿಸಿಯಾದರೂ ಬರಬೇಕೆಂದು, ಎರಡು ತಿಂಗಳ ಮೇಲೆ ಡಾಕ್ಟರು ಒಪ್ಪಿದಾಗ, ಚಂದಾಪುರಕ್ಕೆ ಹೋದೆ.

ಅಳಿಯ ಅಲ್ಲಿಯ ಕಚೇರಿಯೊಂದರಲ್ಲಿ ಗುಮಾಸ್ತ. ಒಳ್ಳೆಯ ಹುಡುಗ, “ಬರ್ರಿ ಸರ್, ಕುಂದ್ರಿ” ಎಂದು ಕುರ್ಚಿ ಹಾಕಿದ. ಮಗಳು ಕೂಸನ್ನು ತೊಟ್ಟಿಲಿಗೆ ಹಾಕಿ ಎದುರಿಗೆ ನಿಂತಳು. ನಾನು ಗಂಟಲು ಸರಿಮಾಡಿಕೊಂಡು, ಅವಳ ತಂದೆಯ ಸದ್ಗುಣಗಳ ಬಗ್ಗೆ, ಬಸ್ಸಿನಲ್ಲಿ ತಯಾರಿಸಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದೆ. ಅವಳು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಅಳಿಯನ ಕಡೆ ತಿರುಗಿದಳು.

“ಸರ್, ಆಕಿಗಿ ಕಿವಿ ಕೇಳಂಗಿಲ್ರಿ,” ಎಂದ ಅವನು ಮೆಲ್ಲಗೆ. “ಮಾತೂ ಬರಂಗಿಲ್ಲ. ಹುಟ್ಟಾ ಹಂಗೇ. ಕೈಲೇ ಮಾತಾಡ್ತಾಳ. ಮಾವ ನಿಮಗ ಹೇಳಿದ್ದಿಲ್ಲೇನ್ರಿ?”

ಮಾವ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ? ಮನೆಗೆ ಬಂದು ಹೆಂಡತಿಗೆ ತಿಳಿಸಿದಾಗ ಅವಳು ಸೊಪ್ಪು ಸೋಸುತ್ತ, “ಓಣಿಗೆಲ್ಲಾ ಗೊತ್ತದ. ನೀವು ಒಂದಿನಾದ್ರೂ ಯಾರದಾರೆ ಮಕ್ಕಳ ಸುದ್ದಿ ಕೇಳೀರೇನು?” ಎಂದಳು. ಕೇಳಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿ, ಕಾಕಾನ ಮಗಳ ವಿಷಯದಲ್ಲಿ ನಾನು ಕೇಳಿದ್ದು ‘ಆರಾಮ ಇದ್ದಾಳ?’ ಎಂಬ ಎರಡೇ ಪದ. ಅದಕ್ಕೆ ಉತ್ತರ ಬರುವಷ್ಟು ಹೊತ್ತು ನಿಲ್ಲುತ್ತಲೂ ಇರಲಿಲ್ಲ.

ಇತ್ತ ಚಂದಾಪುರದಲ್ಲಿ ಚಹಾ ಬಂತು. ಮಗಳು ಗಂಡನಿಗೆ ಕೈಯಲ್ಲಿ ಏನೋ ಉದ್ದಕ್ಕೆ ಹೇಳಿದಳು. ಆ ಬೆರಳುಗಳ ವೇಗ ನೋಡಿ ದಂಗಾದೆ. ಅವನು ಒಂದೆರಡು ಸಲ ‘ಬ್ಯಾಡ’ ಎಂಬಂತೆ ತಲೆ ಆಡಿಸಿದ. ಅವಳು ಬಿಡಲಿಲ್ಲ.

“ಆಕಿ ಒಂದು ಮಾತು ಕೇಳ್ಲಿಕತ್ತಾಳ್ರಿ ಸರ್. ನೀವು ಬಾಜೂ ಮನಿಯವರು, ಖರೆ ಹೇಳ್ತೀರಿ ಅಂತಾಳ. ಅಪ್ಪಗ ಮೊದಲೇ ಏನಾರೆ ಜಡ್ಡಾಗಿತ್ತೇನು, ನಮಗ ಮುಚ್ಚಿಟ್ಟಿದ್ದನೇನು ಅಂತ.”

“ಯಾಕ?”

“ಮಾವ ಇಲ್ಲಿಗಿ ಬರ್ತಿದ್ದಾಗ ಅವರ ಕೈ ಮಾತು ಭಾಳ ಜೋರ್ರಿ, ನನಗ ತಿಳೀತಿದ್ದಿಲ್ಲ. ಫೋನ್ ತಗೊಂಡು ವಿಡಿಯೋ ಕಾಲ್ ಮಾಡ್ಲಿಕತ್ತ ಮ್ಯಾಲ ಭಾಳ ನಿಧಾನ ಆಯ್ತು. ಒಂದು ಮಾತು ಹೇಳಿ ಕೈ ಹಂಗೇ ಹಿಡಿದು ಕುಂದ್ರೋರು. ಆಕಿ ಏನಂತಾಳಂದ್ರ, ಅಪ್ಪನ ಕೈಯಾಗ ಶಕ್ತಿ ಹೋಗಿತ್ತು, ನಾನು ದಿನಾ ನೋಡಿನೂ ದವಾಖಾನಿಗಿ ಕರ್ಕೊಂಡು ಹೋಗ್ಲಿಲ್ಲ, ನನ್ನಿಂದ ಸತ್ತ ಅಂತಾಳ. ಎರಡು ತಿಂಗಳಾಯ್ತ್ರಿ, ಇದನ್ನೇ ಹಿಡ್ಕೊಂಡು ಕುಂತಾಳ.”

ನನ್ನ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟೆ. “ಫೋನಿನಾಗ ಚಿತ್ರ ನಿಂತು ನಿಂತು ಬರ್ತಿತ್ತೇನು?”

“ಮೊದಲ ಎರಡು ದಿನ ಬರ್ತಿತ್ತ್ರಿ. ಬೆರಳೇ ಕಾಣ್ತಿದ್ದಿಲ್ಲ. ಆಮ್ಯಾಲ ರಿಪೇರಿ ಮಾಡಿಸೀನಿ ಅಂದ್ರು, ಸರಿಯಾಯ್ತು.”

ಯಾವ ರಿಪೇರಿಯೂ ಆಗಿರಲಿಲ್ಲ. ಆಗಿದ್ದರೆ ಸೇಡಂನ ಅಂಗಡಿಗೆ ನಾನೇ ಕರೆದುಕೊಂಡು ಹೋಗಬೇಕಿತ್ತು. ಸೇಡಂನ ಗಾಜಿನ ಮೇಜು, ಬೇಗಬೇಗ ಮಡಚಿ ಬಿಚ್ಚಿದ ಬೆರಳುಗಳು, ನಾಲ್ಕು ಮಂದಿಯ ನಗು ಎಲ್ಲ ಒಟ್ಟಿಗೆ ಬಂದು ನನ್ನ ಎದುರು ನಿಂತವು. ಫೋನನ್ನು ಸರಿಮಾಡಲಾಗದ್ದಕ್ಕೆ ಅವರು ತಮ್ಮ ಕೈಯನ್ನು ನಿಧಾನ ಮಾಡಿಕೊಂಡಿದ್ದರು. ನನ್ನ ಆಯ್ಕೆ ಕೆಟ್ಟದ್ದು ಎಂದು ಮಗಳಿಗೂ ಹೇಳಿರಲಿಲ್ಲ. ತಪ್ಪನ್ನು ನೆಟ್‌ವರ್ಕಿನ ಮೇಲೆ ಹಾಕಿ ಎದ್ದು ಬರಬಹುದು ಎಂಬ ಯೋಚನೆ ನನಗೆ ಬಂತು. ಬರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

“ಆಕಿಗಿ ಹೇಳಪ್ಪ,” ಎಂದೆ. “ಕಾಕಾನ ಕೈಗೆ ಏನೂ ಆಗಿದ್ದಿಲ್ಲ. ಅದು ಫೋನಿಂದು. ಬೇಗ ಕೈ ಆಡಿಸಿದ್ರ ಅದಕ್ಕ ಹಿಡಿಲಿಕ್ಕ ಬರ್ತಿದ್ದಿಲ್ಲ. ಅವರು ಬ್ಯಾರೆ ಫೋನ್ ಇಷ್ಟಪಟ್ಟಿದ್ರು. ನಾನು ತಗೊಳ್ಳಿಕ್ಕ ಬಿಡ್ಲಿಲ್ಲ.”

ಅಳಿಯ ಕೈ ಎತ್ತಿದವನು ಹಾಗೇ ನಿಂತ. “ಕಡೀ ಮಾತು ಹೇಳ್ಲೇನ್ರಿ ಸರ್? ‘ನಮ್ಮ ಸರ್ ಆರಿಸ್ಯಾರ, ಭಾಳ ಛಲೋ ಅದ’ ಅಂತ ಮಾವ ಆಕಿಗಿ ಹೇಳ್ಯಾರ.”

“ಎಲ್ಲಾ ಹೇಳು.”

ಅವನು ಹೇಳಿದ. ಅವಳು ನನ್ನನ್ನೊಮ್ಮೆ ನೋಡಿ, ಒಳಗೆ ಹೋಗಿ, ಕರಿ ಫೋನನ್ನು ತಂದಳು. ಗಂಡನ ಫೋನನ್ನು ನನ್ನ ಕೈಗೆ ಕೊಡಿಸಿ ತಾನು ಅಂಗಳಕ್ಕೆ ಹೋದಳು. ನನ್ನ ಕೈಯಲ್ಲಿದ್ದ ಫೋನು ಮಿಡಿಯಿತು. ಅಳಿಯ ಗುಂಡಿ ಒತ್ತಿಕೊಟ್ಟ. ಬೇವಿನ ಗಿಡದ ಕೆಳಗೆ ನಿಂತ ಅವಳ ಮುಖ ಬಂತು. ಅವಳು ತನ್ನ ರೂಢಿಯ ವೇಗದಲ್ಲಿ ಕೈ ಆಡಿಸಿದಳು. ಪರದೆಯ ಮೇಲೆ ಕೈಗಳಿರಲಿಲ್ಲ. ಹೊಗೆಯಂಥ ಬಿಳಿ ಕಲೆ ಒಂದು ಮುಖದ ಮುಂದೆ ನಿಂತು, ಹಾರಿ, ಮತ್ತೆ ನಿಂತಿತು.

ಅದು ಅವಳಿಗೂ ಕಂಡಿರಬೇಕು. ನಿಲ್ಲಿಸಿದಳು. ಆಮೇಲೆ ಬಲಗೈಯನ್ನು ಬಹಳ ನಿಧಾನವಾಗಿ ಎತ್ತಿ, ಬೆರಳು ಬಿಡಿಸಿ, ಹಿಡಿದು ನಿಂತಳು. ಚಿತ್ರ ಮೆಲ್ಲಗೆ ತಿಳಿಯಾಯಿತು. ಐದೂ ಬೆರಳು ಕಂಡವು. ಅವಳ ಮುಖದಲ್ಲಿ ಎರಡು ತಿಂಗಳಿನದೇನೋ ಸಡಿಲಾದಂತೆ ಕಂಡಿತು. ಅಳುತ್ತಿದ್ದಳು, ಆದರೆ ಅದು ನಾನು ಬಂದಾಗಿನ ಮುಖವಲ್ಲ.

ಅಷ್ಟರಲ್ಲಿ ಕೂಸು ಎದ್ದಿತೆಂದು ಅಳಿಯ ಒಳಗೆ ಹೋದ. ಅಂಗಳದಿಂದ ಅವಳು ನನಗೆ ಏನೋ ಹೇಳತೊಡಗಿದಳು. ಒಂದೊಂದೇ ಸನ್ನೆ, ಒಂದೊಂದನ್ನೂ ನಾನು ಹಿಡಿಯುವ ತನಕ ಹಿಡಿದು, ಅವಳ ಅಪ್ಪ ಅವಳಿಗೆ ಹೇಳುತ್ತಿದ್ದ ಹಾಗೆಯೇ. ಬೈಗಳೋ, ಕ್ಷಮೆಯೋ, ಊಟ ಮಾಡಿ ಹೋಗಿರೆಂಬ ಮಾತೋ, ನನಗೆ ಒಂದೂ ತಿಳಿಯಲಿಲ್ಲ. ಹೇಳಿ ಮುಗಿಸಿ ಉತ್ತರಕ್ಕೆ ಕಾಯುತ್ತ ನಿಂತಳು. ನನಗೆ ಗೊತ್ತಿದ್ದ ಸನ್ನೆ ಒಂದೇ. ಫೋನನ್ನು ಮೇಜಿಗೆ ಆನಿಸಿ ನಿಲ್ಲಿಸಿ, ಅದರ ಮುಂದೆ ಎರಡೂ ಕೈ ಮುಗಿದೆ. ಆ ಕರಿ ಫೋನಿನಲ್ಲಿ ಅವಳಿಗೆ ಅದು ಕಾಣುವ ತನಕ, ಇಳಿಸದೆ ಹಿಡಿದುಕೊಂಡಿದ್ದೆ.